ರ‍್ಯಾಂಕಿಗೆ ಮೊದಲು ಸೀಲು

ನಮ್ಮ ಬ್ಯಾಚು ಪಿಯುಸಿ ಮುಗಿಸುವ ಹೊತ್ತಿಗೆ ಸಿಇಟಿ, ಅಂದರೆ ವೃತ್ತಿಶಿಕ್ಷಣದ ಸೀಟಿಗೆ ರಾಜ್ಯ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ, ಇನ್ನೂ ಹೊಸದು. ಅದಕ್ಕೂ ಮುಂಚಿನವರಿಗೆ ಖಾಸಗಿ ಕಾಲೇಜು ಎಂದರೆ ಡೊನೇಷನ್ ಎಂದೇ ಅರ್ಥ. ಕ್ಯಾಪಿಟೇಷನ್ (ಸೀಟಿಗಾಗಿ ಶುಲ್ಕದ ಮೇಲೆ ವಸೂಲು ಮಾಡುವ ಹಣ) ನಿಷೇಧಿಸುವ ಕಾಯ್ದೆ ರಾಜ್ಯದಲ್ಲಿ 1984ರಲ್ಲೇ ಬಂದಿತ್ತು, ಡೊನೇಷನ್ ಮಾತ್ರ ನಿಂತಿರಲಿಲ್ಲ. 1989ರ ಸರ್ಕಾರಿ ಅಧಿಸೂಚನೆಯಲ್ಲೇ ಖಾಸಗಿ ಮೆಡಿಕಲ್ ಕಾಲೇಜಿನ ವರ್ಷದ ಶುಲ್ಕಕ್ಕೆ ಮೂರು ದರ: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕನ್ನಡಿಗರಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಕ್ಯಾಪಿಟೇಷನ್ನೇ ಎಂದು ಹೊಡೆದುಹಾಕಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪಿನಿಂದ ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್ ಎಂದಾಯಿತು. 1994ರಲ್ಲಿ ಸಿಇಟಿ ಸೆಲ್ ಹುಟ್ಟಿತು. ಅದರ ಕಚೇರಿಯಿರುವ ಬೆಂಗಳೂರು ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಹಳ್ಳಿಯಿಂದ ಅಪ್ಪ-ಮಕ್ಕಳು ರಾತ್ರಿ ಬಸ್ಸಿನಲ್ಲಿ ಬಂದಿಳಿಯತೊಡಗಿದ್ದು ಆಗ.

ನಮ್ಮ ಪಿಯು ಕಾಲೇಜಿನ ಪ್ರಾಂಶುಪಾಲರು ಹಳೆಯ ವಿದ್ಯಾರ್ಥಿಗಳಿಗೆ ನೆನಪು ಬರೆಯಿರಿ ಎಂದು ಹೇಳಿದ್ದಾರೆ. ಕಾಲೇಜಿನ ಹುಣಸೆಮರದ ಬಗ್ಗೆ ಬೇರೆಯವರು ಬರೆದಾರು. ನಮ್ಮ ಬ್ಯಾಚಿನಲ್ಲಿ ರ‍್ಯಾಂಕ್ ಬಂದೂ ಸೀಟು ಕಳೆದುಕೊಂಡವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ವ್ಯಾಸಂಗ ಪ್ರಮಾಣಪತ್ರ, ಅಂದರೆ ಯಾವ ತರಗತಿ ಎಲ್ಲಿ ಓದಿದೆ ಎಂದು ಶಾಲೆ ಬರೆದುಕೊಡುವ ಕಾಗದ. ಈಗ ಓದುತ್ತಿರುವ ನಿಮಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದ್ದು ಶೇ. 5. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ಹತ್ತೂ ವರ್ಷದ ಲೆಕ್ಕ ಕೊಡಬೇಕು. ಹಳ್ಳಿಯ ಮಗು ಐದನೆಯವರೆಗೆ ಒಂದು ಶಾಲೆ, ಏಳರವರೆಗೆ ಇನ್ನೊಂದು, ಹೈಸ್ಕೂಲು ಮತ್ತೊಂದು ಊರಲ್ಲಿ. ಅಂದರೆ ಮೂರು ಕಾಗದ, ಮೂವರು ಹೆಡ್‌ಮಾಸ್ತರರು, ಎಲ್ಲದರ ಮೇಲೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು. ಶಾಲೆಗಳು ಎರಡು ತಾಲ್ಲೂಕಿಗೆ ಹಂಚಿಹೋಗಿದ್ದರೆ ಬಿಇಒ ಕಚೇರಿಯೂ ಎರಡು. ಹುಡುಗರು ಇದಕ್ಕೆ ಓಡುವುದು ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್-ಮೇ ತಿಂಗಳಲ್ಲಿ. ಆಗ ಶಾಲೆಗೆ ಬೀಗ, ಹೆಡ್‌ಮಾಸ್ತರರು ಅವರ ಊರಲ್ಲಿ, ದಾಖಲಾತಿ ಪುಸ್ತಕ ಬೀರುವಿನೊಳಗೆ. ಕಾಗದ ಸಿಕ್ಕಿದರೂ ‘ಬೋಧನಾ ಮಾಧ್ಯಮ’ ಎಂಬ ಕಡೆ ಖಾಲಿ ಬಿಟ್ಟಿರುತ್ತಾರೆ, ಇಲ್ಲವೇ ಒಂದು ತರಗತಿಯ ವರ್ಷ ತಪ್ಪಿರುತ್ತದೆ. ಅಷ್ಟಕ್ಕೇ ಮೀಸಲಾತಿ ಹೋಗಿ ಸಾಮಾನ್ಯ ಪಟ್ಟಿಗೆ ಬೀಳುತ್ತೀರಿ. ಹಾಗಾಗಿ ಡಿಸೆಂಬರ್-ಜನವರಿಯಲ್ಲೇ ಹೋಗಿ ಬರೆಸಿಕೊಳ್ಳಿ.

ಜಾತಿ-ಆದಾಯ ಪ್ರಮಾಣಪತ್ರವೂ ಹಾಗೆಯೇ. ನಾಡಕಚೇರಿಯಲ್ಲಿ ಕೊಡುವ ಕಾಗದದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ಅದರಲ್ಲಿರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಅಕ್ಷರಶಃ ಹೊಂದಬೇಕು. ಒಂದರಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೆ ಕೊನೇ ದಿನ ತಹಶೀಲ್ದಾರರ ಕಚೇರಿಗೆ ಅಲೆಯುವ ಪಾಡು.

ಇಲ್ಲೊಂದು ಮಾತು ಹೇಳಲೇಬೇಕು. ಗ್ರಾಮೀಣ ಎಂದು ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ. ನಗರದ ಅಂಚಿನಲ್ಲಿ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಿದ, ಈಜುಕೊಳವಿರುವ ಇಂಗ್ಲಿಷ್ ಮಾಧ್ಯಮದ ವಸತಿಶಾಲೆಯ ಮಕ್ಕಳೂ ಆ ಶೇ. 15ರಲ್ಲೇ ಬರಬಹುದು. ಅವರ ಶಾಲೆಯ ಆಫೀಸು ಆ ಕಾಗದವನ್ನು ಟೈಪು ಮಾಡಿಸಿ, ಸೀಲು ಹಾಕಿಸಿ, ಮನೆಗೇ ತಲುಪಿಸುತ್ತದೆ. ಕನ್ನಡ ಮಾಧ್ಯಮದ ಶೇ. 5ಕ್ಕೆ ಅವರು ಬರಲಾರರು. ನೀವು ಎರಡನ್ನೂ ಕೇಳಬಹುದು. ಒಂದನ್ನು ಕೇಳಿ ಇನ್ನೊಂದನ್ನು ಮರೆಯುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಇನ್ನು ಅಂಕದ ಲೆಕ್ಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಮತ್ತು ಸಿಇಟಿ ಅರ್ಧರ್ಧ. ಪಿಸಿಎಂನಲ್ಲಿ (ಭೌತ, ರಸಾಯನ, ಗಣಿತ) 300ಕ್ಕೆ 270 ತೆಗೆದು, ಸಿಇಟಿಯಲ್ಲಿ 180ಕ್ಕೆ 72 ಬಂದರೆ 45ಕ್ಕೆ 20 ಕೂಡಿ 65. ಪಿಯುನಲ್ಲಿ 240 ತೆಗೆದವನಿಗೆ ಸಿಇಟಿಯಲ್ಲಿ 108 ಬಂದರೆ 40ಕ್ಕೆ 30 ಕೂಡಿ 70. ಮೂರು ಸಿಇಟಿ ಪ್ರಶ್ನೆ ಐದು ಪಿಯು ಅಂಕಕ್ಕೆ ಸಮ. ನಮ್ಮಂಥ ಸರ್ಕಾರಿ ಕಾಲೇಜಿನವರು ನೋಟ್ಸು ಬಾಯಿಪಾಠ ಮಾಡಿ ಪಿಯು ಅಂಕ ಗಟ್ಟಿ ಮಾಡಿಕೊಳ್ಳುತ್ತಾರೆ, ಅಲ್ಲಿಗೆ ಸುಸ್ತಾಗುತ್ತಾರೆ. ಪಿಯು ಪಾಠದ ಜೊತೆಗೇ ಸಿಇಟಿ ಕೋಚಿಂಗ್ ಕೊಡುವ ಪೇಟೆಯ ಇಂಟಿಗ್ರೇಟೆಡ್ ಕಾಲೇಜುಗಳು ಎರಡು ವರ್ಷದ ಲಕ್ಷಗಟ್ಟಲೆ ಶುಲ್ಕಕ್ಕೆ ಮಾರುವುದು ಉಳಿದರ್ಧವನ್ನು. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದಕ್ಕೆ 80 ಸೆಕೆಂಡು, ಒಎಂಆರ್‌ನಲ್ಲಿ ವೃತ್ತ ತುಂಬುವುದೂ ಅದರಲ್ಲೇ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಹೀಗಿದ್ದೂ ಖಾಲಿ ಬಿಟ್ಟು ಬರುವವರಿದ್ದಾರೆ!

ಸೀಟುಗಳ ಹಂಚಿಕೆ ಈಗ ಬೇರೆ. ಸುಪ್ರೀಂ ಕೋರ್ಟಿನ 2002ರ ಟಿಎಂಎ ಪೈ ತೀರ್ಪಿನ ನಂತರ ಖಾಸಗಿ ಕಾಲೇಜುಗಳ ಕೈ ಮೇಲಾಯಿತು. 2004ರಲ್ಲಿ ಖಾಸಗಿ ಕಾಲೇಜುಗಳ ಒಕ್ಕೂಟ ತಾನೇ ಪ್ರವೇಶ ಪರೀಕ್ಷೆ ನಡೆಸುವ ಕಾಮೆಡ್-ಕೆ ಬಂತು. ಸಾಮಾನ್ಯವಾಗಿ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ನೂರು ಸೀಟಿನಲ್ಲಿ 45 ಕೆಇಎಗೆ (ಈಗ ಸಿಇಟಿ ನಡೆಸುವ ಸರ್ಕಾರಿ ಪ್ರಾಧಿಕಾರ), 30 ಕಾಮೆಡ್-ಕೆಗೆ, 25 ಮ್ಯಾನೇಜ್‌ಮೆಂಟಿಗೆ. ಒಂದೇ ಬೆಂಚಿನಲ್ಲಿ ಕೂರುವ ಮೂವರು ಮೂರು ಬಗೆಯ ಶುಲ್ಕ ಕಟ್ಟಿರುತ್ತಾರೆ. 1989ರ ಅಧಿಸೂಚನೆ ನೆನಪಾಗುತ್ತದೆ. ಇವಲ್ಲದೆ ಎಸ್‌ಎನ್‌ಕ್ಯು ಎಂದು ಶೇ. 5 ಹೆಚ್ಚುವರಿ ಸೀಟುಗಳಿವೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದವರಿಗೆ ಬೋಧನಾ ಶುಲ್ಕ ಮಾತ್ರ ಮನ್ನಾ, ಉಳಿದದ್ದು ಕಟ್ಟಬೇಕು. ಅರ್ಜಿ ತುಂಬುವಾಗಲೇ ಇದನ್ನು ಕೇಳಿರಬೇಕು.

ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನಿನಲ್ಲಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಎಡವುವವರೇ ಹೆಚ್ಚು. ನಮ್ಮ ಕಾಲದಲ್ಲಿ ಸಭಾಂಗಣದ ಪರದೆಯ ಮೇಲೆ ಸೀಟು ಕರಗುವುದು ಕಣ್ಣಿಗೇ ಕಾಣುತ್ತಿತ್ತು. ಈಗ ಸೈಬರ್ ಸೆಂಟರಿನ ಹುಡುಗ ತನಗೆ ಗೊತ್ತಿರುವ ಹತ್ತು ಕಾಲೇಜು ಒತ್ತಿ ಕಳಿಸುತ್ತಾನೆ. ‘ನನಗೆ ಇದು ಸಿಗಲ್ಲ ಸಾರ್’ ಎಂದು ಒಳ್ಳೆಯ ಕಾಲೇಜನ್ನು ಕೆಳಗೆ ಹಾಕಬೇಡಿ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಯಂತ್ರ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು ಖಾಲಿ ಇರುವ ಮೊದಲ ಸೀಟು ಕೊಡುತ್ತದೆ. ಬೆಂಗಳೂರಿನ ಯುವಿಸಿಇಯಂಥ ಹೆಸರಾಂತ ಕಾಲೇಜನ್ನು ಮೊದಲಿಗೆ ಹಾಕಿದ್ದರಿಂದ ನಲವತ್ತನೆಯದು ಕೈತಪ್ಪುವುದಿಲ್ಲ. ಸೇರಲು ಮನಸ್ಸಿಲ್ಲದ್ದನ್ನು ಮಾತ್ರ ಹಾಕಬೇಡಿ, ಅದೇ ಬಂದೀತು. ನಿಜವಾದ ಹಂಚಿಕೆಗೆ ಮುನ್ನ ಪ್ರಕಟಿಸುವ ಅಣಕು (ಮಾಕ್) ಹಂಚಿಕೆ ನೋಡಿದ ಮೇಲೆ ಕ್ರಮ ಬದಲಿಸಲು ಅವಕಾಶವಿರುತ್ತದೆ. ಆ ಅವಧಿ ಚಿಕ್ಕದು.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. 1 ಎಂದರೆ ಒಪ್ಪಿ ಸೇರುವುದು, ಮುಂದಿನ ಸುತ್ತಿಲ್ಲ. 2 ಎಂದರೆ ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಮೇಲಿನದು ಬಂದರೆ ಹಳೆಯದು ತಾನಾಗಿ ರದ್ದು. 3 ಎಂದರೆ ಇದನ್ನು ಬಿಟ್ಟು ಕಾಯುವುದು, ಕೊನೆಗೆ ಬರಿಗೈ ಆದರೂ ಆದೀತು. 4 ಎಂದರೆ ಪೂರ್ತಿ ಹೊರಗೆ. ಭಯಕ್ಕೆ 1 ಒತ್ತುವವರು ನಮ್ಮ ಕಡೆಯವರೇ ಜಾಸ್ತಿ. ಇತ್ತ, ಸೇರುವ ಉದ್ದೇಶವೇ ಇಲ್ಲದೆ ದೊಡ್ಡ ಕಾಲೇಜಿನ ಸೀಟು ಹಿಡಿದಿಟ್ಟು ಕೊನೆಗೆ ಬಿಡುವ ದಂಧೆಯಿದೆ. ಉಳಿದ ಸೀಟು ಮ್ಯಾನೇಜ್‌ಮೆಂಟ್ ಪಾಲಾಗುತ್ತದೆ. 2024ರ ಕೊನೆಯಲ್ಲಿ ಇದು ಪೊಲೀಸ್ ಠಾಣೆಯವರೆಗೂ ಹೋಯಿತು.

ಬ್ರಾಂಚಿನ ವಿಚಾರ ಚಿಕ್ಕದು. ಸೀಟಿನ ಮಿತಿಯನ್ನು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2024ರಲ್ಲಿ ಸಡಿಲಿಸಿದ ಮೇಲೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೆಕ್ಷನ್‌ಗಳು ಉಬ್ಬಿವೆ, ಸಿವಿಲ್-ಮೆಕ್ಯಾನಿಕಲ್ ತರಗತಿಗಳು ಖಾಲಿ ಹೊಡೆಯುತ್ತಿವೆ. ಸಣ್ಣ ಕಾಲೇಜಿನ ಹತ್ತನೇ ಸೆಕ್ಷನ್ನಿನ ಎಐಗಿಂತ ಹಳೆಯ ಸರ್ಕಾರಿ ಕಾಲೇಜಿನ ಸಿವಿಲ್ ವಾಸಿ ಎಂದು ನನ್ನ ಎಣಿಕೆ. ಒಪ್ಪದವರು ಬಹಳ ಇದ್ದಾರೆ.

ಕಾಲೇಜಿಗೆ ಸೇರುವ ದಿನ ಅಸಲು ದಾಖಲೆ ಕೊಡುವ ಮುನ್ನ ಪ್ರತಿ ಪುಟದ ಎರಡೂ ಬದಿ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ, ನಾಲ್ಕು ಸೆಟ್ ಜೆರಾಕ್ಸ್ ಇರಲಿ. ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ಲಿಗೆ ಅರ್ಜಿ ಬೇರೆ, ಕೊನೇ ದಿನಾಂಕ ಬೇರೆ, ವಿದ್ಯಾರ್ಥಿವೇತನಕ್ಕೆ ಇನ್ನೂ ಬೇರೆ. ಎಲ್ಲರೂ ಕೇಳುವುದು ಅದೇ ಅಂಕಪಟ್ಟಿಯನ್ನು. ಅಸಲು ಆ ಹೊತ್ತಿಗೆ ಕಾಲೇಜಿನ ಬೀರುವಿನಲ್ಲಿರುತ್ತದೆ.