ಫ್ಲೂ: ಯಾರ ವಿಷಯದಲ್ಲಿ ‘ನಾಳೆ ನೋಡೋಣ’ ಎನ್ನಬಾರದು

2023ರ ಮಾರ್ಚ್ 1ರಂದು ಹಾಸನ ಜಿಲ್ಲೆಯ ಆಲೂರು ತಾಲೂಕಿನ 82 ವರ್ಷದ ಹಿರಿಯರೊಬ್ಬರು ಎಚ್‌3ಎನ್‌2 ಎಂಬ ಬಗೆಯ ಫ್ಲೂನಿಂದ ತೀರಿಕೊಂಡಾಗ ಎಲ್ಲರ ಬಾಯಲ್ಲೂ ವೈರಸ್ಸಿನದೇ ಹೆಸರು. ಗಮನಿಸಬೇಕಾಗಿದ್ದದ್ದು ಅವರ ವಯಸ್ಸನ್ನು, ಜೊತೆಗಿದ್ದ ಸಕ್ಕರೆ ಕಾಯಿಲೆ ಮತ್ತು ಬಿಪಿಯನ್ನು.

65 ದಾಟಿದವರು, 5 ವರ್ಷದೊಳಗಿನ ಮಕ್ಕಳು (ಎರಡರೊಳಗಿದ್ದರೆ ಇನ್ನೂ ಹೆಚ್ಚು), ಬಸುರಿಯರು, ಹೆರಿಗೆಯಾಗಿ ಎರಡು ವಾರ ತುಂಬದ ಬಾಣಂತಿಯರು, ಸಕ್ಕರೆ, ಉಬ್ಬಸ, ಹೃದಯ, ಕಿಡ್ನಿ, ಲಿವರ್ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಬಹಳ ದಿನದಿಂದ ಸ್ಟೀರಾಯ್ಡ್ ನುಂಗುತ್ತಿರುವವರು: ಇವರಿಗೆ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚು. ಮಲೆನಾಡಿನಲ್ಲಿ ಈ ಪಟ್ಟಿಯಿಂದ ತಪ್ಪಿಹೋಗುವವರು ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದು ದಮ್ಮು ಹತ್ತಿಸಿಕೊಂಡ ಅಜ್ಜಿಯಂದಿರು. ‘ಬೀಡಿ ಸೇದಿದವರಲ್ಲವಲ್ಲ’ ಎನ್ನುತ್ತಾರೆ. ಒಲೆಯ ಹೊಗೆಯಿಂದಲೂ ಶ್ವಾಸಕೋಶ ಕೆಡುತ್ತದೆ.

ಫ್ಲೂಗೆ ಕೊಡುವ, ವೈರಸ್ ತಡೆಯುವ ಮಾತ್ರೆ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ. ದೊಡ್ಡವರಿಗೆ 75 ಮಿ.ಗ್ರಾಂ, ಬೆಳಿಗ್ಗೆ ಒಂದು ರಾತ್ರಿ ಒಂದು, 5 ದಿನ. ಕಿಡ್ನಿ ತೊಂದರೆಯಿದ್ದರೆ ವೈದ್ಯರು ಕಡಿಮೆ ಮಾಡಬೇಕು, ಹಾಗಾಗಿ ಚೀಟಿ ಇಲ್ಲದೆ ಬೇಡ. ಕೇಂದ್ರ ಆರೋಗ್ಯ ಇಲಾಖೆಯ ಫ್ಲೂ ರೋಗಿಗಳ ವಿಂಗಡಣೆಯಲ್ಲೂ ಅಪಾಯದ ಗುಂಪಿನವರಿಗೆ ಟೆಸ್ಟ್ ವರದಿಗೆ ಕಾಯದೆ ಈ ಮಾತ್ರೆ ಕೊಡಬಹುದು. ಆದರೆ ಸಾಮಾನ್ಯವಾಗಿ ಆಗುವುದೇ ಬೇರೆ: ಮೊದಲ ದಿನ ಕಷಾಯ, ಎರಡನೇ ದಿನ ಮೆಡಿಕಲ್‌ನಿಂದ ಅಜಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್, ಮೂರನೇ ದಿನ ಡ್ರಿಪ್. ಆ್ಯಂಟಿಬಯಾಟಿಕ್ ವೈರಸ್ಸಿಗೆ ತಾಗುವುದೇ ಇಲ್ಲ. 48 ಗಂಟೆ ದಾಟಿತೆಂದು ಒಸೆಲ್ಟಾಮಿವಿರ್ ಕೈಬಿಡುವುದೂ ತಪ್ಪು. ಕಾಯಿಲೆ ಜೋರಾಗಿದ್ದರೆ ಆಮೇಲೂ ಕೊಡುತ್ತಾರೆ.

ವಯಸ್ಸಾದವರಿಗೆ ಮೈ ಸುಡುವ ಜ್ವರ ಬರಲೇಬೇಕೆಂದಿಲ್ಲ. ಊಟ ಬಿಡುವುದು, ಮಂಕಾಗುವುದು, ಬಚ್ಚಲಿಗೆ ಹೋಗುವಾಗ ಬೀಳುವುದು, ಇಷ್ಟೇ ಕಾಣಬಹುದು. ಕೋವಿಡ್ ಕಾಲದ ಆಕ್ಸಿಮೀಟರ್ ಅಟ್ಟದಲ್ಲಿದ್ದರೆ ಸೆಲ್ ಬದಲಿಸಿ ಇಟ್ಟುಕೊಳ್ಳಿ. ಜಡಿಮಳೆಯಲ್ಲಿ ಬೆರಳು ತಣ್ಣಗಿದ್ದರೆ ಸುಳ್ಳು ಲೆಕ್ಕ ತೋರಿಸುತ್ತದೆ. ಕೈ ಉಜ್ಜಿ ಬಿಸಿ ಮಾಡಿ ಮತ್ತೆ ನೋಡಿ. ಆಗಲೂ ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿದ್ದರೆ ತಡಮಾಡದೆ ಆಸ್ಪತ್ರೆ. ಏದುಸಿರು, ಎದೆನೋವು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು, ಮಗು ಹಾಲು ಬಿಡುವುದು ಇವಕ್ಕೂ ಅಷ್ಟೇ. ಮೂರ್ನಾಲ್ಕು ದಿನಕ್ಕೆ ಇಳಿದ ಜ್ವರ ಮತ್ತೆ ಏರಿದರೆ ಅದು ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದು. ಆ್ಯಂಟಿಬಯಾಟಿಕ್‌ಗೆ ಕೆಲಸ ಬರುವುದು ಆಗ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ನಮ್ಮ ಕಡೆ ಡೆಂಗಿಯೂ ಇದೆ, ಕೊಪ್ಪ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆಯೂ ಇದೆ. ಯಾವ ಜ್ವರವೆಂದು ತಿಳಿಯುವ ಮುಂಚೆ ನೋವಿನ ಮಾತ್ರೆಗಳಾದ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವಕ್ಕೆ ದಾರಿ. (ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಲಿ.) ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ನುಂಗಿದರೆ ಡೋಸ್ ಮೀರುತ್ತದೆ.

ಮಕ್ಕಳ ಪ್ಯಾರಾಸಿಟಮಾಲ್ ಸಿರಪ್‌ನಲ್ಲೇ ಹೆಚ್ಚು ಎಡವಟ್ಟು. 5 ಮಿ.ಲೀಗೆ 125 ಮಿ.ಗ್ರಾಂ ಇರುವುದೂ 250 ಇರುವುದೂ ಸಿಗುತ್ತದೆ. 10 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 150 ಮಿ.ಗ್ರಾಂ ಎಂದರೆ ಮೊದಲನೆಯದರಲ್ಲಿ 6 ಮಿ.ಲೀ, ಎರಡನೆಯದರಲ್ಲಿ 3 ಮಿ.ಲೀ. ಅಡುಗೆಮನೆಯ ಚಮಚ ಬೇಡ.

ಸಕ್ಕರೆ ಇರುವವರು ‘ಊಟ ಸೇರಿಲ್ಲ’ ಎಂದು ಇನ್ಸುಲಿನ್ ಪೂರ್ತಿ ಬಿಡಬಾರದು. ಜ್ವರದಲ್ಲಿ ಉಪವಾಸವಿದ್ದರೂ ಸಕ್ಕರೆ ಏರುತ್ತದೆ. ನಾಲ್ಕು ಗಂಟೆಗೊಮ್ಮೆ ನೋಡಿ, ವೈದ್ಯರನ್ನು ಕೇಳಿ ಡೋಸ್ ಬದಲಿಸಿ. ವಾಂತಿಯಿದ್ದರೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಬಗ್ಗೆಯೂ ಅಂದೇ ಫೋನ್ ಮಾಡಿ.

ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ಮುಂಗಾರು ಹಿಡಿಯುವ ಮುಂಚೆ, ಮೇ ತಿಂಗಳೊಳಗೆ. ರಕ್ಷಣೆ ಬರಲು ಎರಡು ವಾರ ಬೇಕು. 9 ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರ ಬಿಟ್ಟು ಎರಡು ಡೋಸ್. ಆರು ತಿಂಗಳೊಳಗಿನ ಕೂಸಿಗೆ ಹಾಕುವಂತಿಲ್ಲ; ತಾಯಿ ಬಸುರಿಯಾಗಿದ್ದಾಗ ಹಾಕಿಸಿಕೊಂಡಿದ್ದರೆ ಕೂಸಿಗೂ ರಕ್ಷಣೆ. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತು. ದಿನಗಟ್ಟಲೆ ಕರೆಂಟ್ ಹೋಗುವ ಊರಾದರೆ ಮನೆಯ ಫ್ರಿಜ್‌ನಲ್ಲಿ ತಂದಿಡಬೇಡಿ, ಆಸ್ಪತ್ರೆಗೇ ಹೋಗಿ ಹಾಕಿಸಿಕೊಳ್ಳಿ.