ಗಡಿಯಾರ ಕಂಪನಿಯ ವಾಲ್ಟರ್ ಕ್ಯಾಂಪ್ ಮತ್ತು ಐದು ಗಜದ ಲೆಕ್ಕ

ಅಮೆರಿಕನ್ ಫುಟ್‌ಬಾಲ್ ನೋಡುವವರಿಗೆ ಆ ಆಟದ ನಿಯಮಗಳನ್ನು ರೂಪಿಸಿದ ವಾಲ್ಟರ್ ಕ್ಯಾಂಪ್ ಹೆಸರು ಗೊತ್ತಿರುತ್ತದೆ. ಅವರ ಹೊಟ್ಟೆಪಾಡು ಗಡಿಯಾರದ ವ್ಯಾಪಾರ ಎಂಬುದು ಅಷ್ಟಾಗಿ ಗೊತ್ತಿಲ್ಲ. 1859ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿ, 1876ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿ ಹಾಫ್‌ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಆಗಿ ಆಡಿದರು. ವೈದ್ಯಕೀಯ ಓದನ್ನು ಅರ್ಧಕ್ಕೇ ಬಿಟ್ಟು ನ್ಯೂ ಹೇವನ್ ಕ್ಲಾಕ್ ಕಂಪನಿಗೆ ಸೇರಿದರು. 1903ರಲ್ಲಿ ಅದರ ಅಧ್ಯಕ್ಷರಾದರು.

ಆಟಕ್ಕೆ ಅವರು ಮಾಡಿದ ದೊಡ್ಡ ಕೆಲಸ 1880ರದ್ದು. ಅಲ್ಲಿಯವರೆಗೆ ರಗ್ಬಿಯಂತೆ ಎರಡೂ ಕಡೆಯವರು ಗುಂಪುಗೂಡಿ ತಳ್ಳಾಡಬೇಕಿತ್ತು, ಚೆಂಡು ಯಾರ ಕಡೆ ಉರುಳುತ್ತದೋ ಹೇಳುವಂತಿರಲಿಲ್ಲ. ಕ್ಯಾಂಪ್ ಚೆಂಡನ್ನು ಒಂದೇ ತಂಡದ ವಶಕ್ಕೆ ಕೊಡಿಸಿದರು: ಸಾಲಿನ ನಡುವೆ ನಿಂತ ಸೆಂಟರ್ ಆಟಗಾರ ಅದನ್ನು ಕಾಲಿನಿಂದ ಹಿಂದಕ್ಕೆ ಒದ್ದರೆ ಅವನ ಹಿಂದಿರುವ ಕ್ವಾರ್ಟರ್‌ಬ್ಯಾಕ್ ಎತ್ತಿಕೊಳ್ಳಬೇಕು. ತಂಡವೂ 15ರಿಂದ 11ಕ್ಕೆ ಇಳಿಯಿತು.

ಆದರೆ ಚೆಂಡನ್ನು ಯಾವಾಗ ಬಿಟ್ಟುಕೊಡಬೇಕು ಎಂದು ಯಾರೂ ಬರೆದಿರಲಿಲ್ಲ. 1881ರ ಪ್ರಿನ್ಸ್‌ಟನ್–ಯೇಲ್ ಪಂದ್ಯದಲ್ಲಿ ಒಂದೊಂದು ತಂಡ ಪಂದ್ಯದ ಒಂದೊಂದು ಅರ್ಧಾವಧಿಯನ್ನು ಚೆಂಡು ತಬ್ಬಿಕೊಂಡೇ ಕಳೆದು 0-0ಗೆ ಮುಗಿಸಿದವು. ದುಡ್ಡು ಕೊಟ್ಟು ಬಂದವರ ಗತಿ ಊಹಿಸಿಕೊಳ್ಳಿ! 1882ರಲ್ಲಿ ಮದ್ದು ಸಿಕ್ಕಿತು: ಮೂರು ಡೌನ್‌ಗಳಲ್ಲಿ (ಚೆಂಡು ಆಟಕ್ಕೆ ಬಂದು ನಿಲ್ಲುವವರೆಗಿನ ಒಂದು ಪ್ರಯತ್ನವೇ ಒಂದು ಡೌನ್) ಐದು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗೆ. ಅದನ್ನು ಅಳೆಯಲು ಮೈದಾನಕ್ಕೆ ಐದೈದು ಗಜಕ್ಕೊಂದು ಸುಣ್ಣದ ಗೆರೆ ಬಂತು. ಅಲ್ಲೂ ಒಂದು ಕಿಂಡಿ ಉಳಿದಿತ್ತು: ಹತ್ತು ಗಜ ಹಿಂದಕ್ಕೆ ಹೋದರೂ ಚೆಂಡು ನಿಮ್ಮದೇ.

1888ರಲ್ಲಿ ಯೇಲ್ ಕೋಚ್ ಆದ ಕ್ಯಾಂಪ್‌ಗೆ ಹಗಲೆಲ್ಲ ಕಂಪನಿಯ ಕೆಲಸ. ಅಭ್ಯಾಸಕ್ಕೆ ಹೋಗಿ ಟಿಪ್ಪಣಿ ಮಾಡಿಕೊಂಡು ಬರುತ್ತಿದ್ದವರು ಪತ್ನಿ ಆಲಿಸ್. ಸಂಜೆ ಮನೆಯಲ್ಲಿ ಅದರ ಮೇಲೆ ಚರ್ಚೆ. ಆ ವರ್ಷ ಯೇಲ್ 13 ಪಂದ್ಯ ಗೆದ್ದಿತು, ಒಟ್ಟು ಅಂಕ 698-0. ಆಲಿಸ್ ಅವರನ್ನು ಸಹ-ಕೋಚ್ ಎನ್ನದೆ ಬೇರೇನು ಅನ್ನುವುದು?

ಅದೇ ವರ್ಷ ಸೊಂಟದ ಕೆಳಗೆ, ಮಂಡಿಯವರೆಗೆ ಟ್ಯಾಕಲ್ ಮಾಡಬಹುದು, ಅಂದರೆ ಹಿಡಿದು ಕೆಡವಬಹುದು, ಎಂಬ ನಿಯಮವೂ ಬಂತು. ಬಯಲಲ್ಲಿ ಓಡುವವನನ್ನು ಕೆಡವುವುದು ಸಲೀಸಾಯಿತು. ಹಾಗಾಗಿ ತಂಡಗಳು ಹರಡಿಕೊಳ್ಳುವುದು ಬಿಟ್ಟು ಒತ್ತಾಗಿ ನಿಂತು ನುಗ್ಗತೊಡಗಿದವು. ಐದು ಗಜವಷ್ಟೇ ಬೇಕಿದ್ದರೆ ನುಗ್ಗಾಟವೇ ಸಾಕು. ಗಾಯ, ಸಾವು ಹೆಚ್ಚಿ, 1905ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿದರು. ಕ್ಯಾಂಪ್ ಕೂಡ ಹೋಗಿದ್ದರು. ಐದರ ಬದಲು ಹತ್ತು ಗಜ ಮಾಡಿದರೆ ಆಟ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂಬುದು ಅವರ ವಾದ. ಚೆಂಡನ್ನು ಮುಂದಕ್ಕೆ ಪಾಸ್ ಎಸೆಯಲು ಬಿಡಬೇಕೆಂಬ ಇನ್ನೊಂದು ಸಲಹೆ ಅವರಿಗೆ ಹಿಡಿಸಲಿಲ್ಲ. 1906ರಲ್ಲಿ ಎರಡೂ ಜಾರಿಗೆ ಬಂದವು. ಮೂರು ಡೌನ್‌ನಲ್ಲಿ ಹತ್ತು ಗಜ ಕಷ್ಟವೆಂದು 1912ರಲ್ಲಿ ನಾಲ್ಕನೆಯದನ್ನೂ ಸೇರಿಸಬೇಕಾಯಿತು.