ಬೆಳಕಿಗೆ ಎಷ್ಟು, ಸದ್ದಿಗೆ ಎಷ್ಟು

ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಜ್ಞಾನ ಪ್ರಯೋಗಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಂದ ಪ್ರತಿಕ್ರಿಯಾ ಸಮಯದ ಪ್ರಯೋಗವನ್ನು ಮಾಡಿಸುವುದು ನನ್ನ ಕೆಲಸದ ಒಂದು ಭಾಗ. ನೋಡಲು ಇದು ತೀರ ಸರಳವಾದ ಪ್ರಯೋಗ. ದೀಪ ಹೊತ್ತಿದಾಗ, ಬೀಪ್ ಕೇಳಿಸಿದಾಗ ಅಥವಾ ಬೆರಳಿಗೆ ಸಣ್ಣ ಕಂಪನ ತಾಗಿದಾಗ ಗುಂಡಿ ಒತ್ತಬೇಕು. ಸಂಕೇತ ಬಂದ ಕ್ಷಣಕ್ಕೂ ಒತ್ತಿದ ಕ್ಷಣಕ್ಕೂ ನಡುವಿನ ಅವಧಿಯನ್ನು ಮಿಲಿಸೆಕೆಂಡುಗಳಲ್ಲಿ ಬರೆದುಕೊಳ್ಳಬೇಕು. ಆರೋಗ್ಯವಂತ ಯುವಜನರಲ್ಲಿ ಬೆಳಕಿಗೆ ಸುಮಾರು 190, ಸದ್ದಿಗೆ ಸುಮಾರು 150ರಿಂದ 160, ಸ್ಪರ್ಶಕ್ಕೆ ಹೆಚ್ಚುಕಡಿಮೆ ಸದ್ದಿನಷ್ಟೇ ಬರುತ್ತದೆ. ಕಣ್ಣಿಗೂ ಕಿವಿಗೂ ಇರುವ ಅಂತರ ಮೂವತ್ತು ನಲವತ್ತು ಮಿಲಿಸೆಕೆಂಡು ಮಾತ್ರ, ಮತ್ತು ಈ ಪ್ರಯೋಗದ ಕಷ್ಟವೆಲ್ಲ ಇರುವುದು ಅಷ್ಟರಲ್ಲೇ.

ಆ ಅಂತರಕ್ಕೆ ಮುಖ್ಯ ಕಾರಣ ಇಂದ್ರಿಯದಲ್ಲೇ ಇದೆ. ಒಳಕಿವಿಯ ರೋಮಕೋಶಗಳು ಸದ್ದಿನ ಅಲೆಗೆ ಬಾಗಿದ ಕೂಡಲೇ ಅವುಗಳ ಅಯಾನು ದ್ವಾರಗಳು, ಅಂದರೆ ವಿದ್ಯುದಾವೇಶದ ಕಣಗಳು ಹಾಯುವ ಬಾಗಿಲುಗಳು, ತೆರೆದುಕೊಳ್ಳುತ್ತವೆ. ಅದಕ್ಕೆ ಒಂದು ಮಿಲಿಸೆಕೆಂಡೂ ಬೇಕಾಗುವುದಿಲ್ಲ. ಅಕ್ಷಿಪಟಲದಲ್ಲಾದರೋ ಬೆಳಕು ಬಿದ್ದ ಮೇಲೆ ಹಲವು ಹಂತಗಳ ರಾಸಾಯನಿಕ ಸರಣಿ ನಡೆದ ಅನಂತರವೇ ನರಕ್ಕೆ ಸುದ್ದಿ ಮುಟ್ಟುತ್ತದೆ.

ಹೀಗೆ ಪಾಠ ಮಾಡಿದ ಮೇಲೂ ಒಂದು ಬ್ಯಾಚಿನವರು ಸದ್ದಿಗೆ ಮುನ್ನೂರರ ಆಸುಪಾಸಿನ ಅಂಕಿಗಳನ್ನು ತಂದು, "ಮೇಡಂ, ನಮ್ಮಲ್ಲಿ ಕಣ್ಣೇ ಮುಂದಿದೆ" ಎಂದರು. "ಇಯರ್‌ಫೋನ್ ಯಾವುದಪ್ಪಾ?" ಎಂದು ಕೇಳಿದಾಗ ಕಾರಣ ಹೊರಬಿತ್ತು: ಅದು ಬ್ಲೂಟೂತಿನದು. ಅಂಥ ಇಯರ್‌ಫೋನಿನಲ್ಲಿ ಸದ್ದು ಕಿವಿಗೆ ತಲುಪಲು ನೂರು, ಇನ್ನೂರು ಮಿಲಿಸೆಕೆಂಡು ತಡವಾಗುವುದು ಸಾಮಾನ್ಯ. ಲ್ಯಾಪ್‌ಟಾಪಿನ ಪರದೆಯೂ ನಿರಪರಾಧಿಯಲ್ಲ. ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಪರದೆ ಸುಮಾರು 17 ಮಿಲಿಸೆಕೆಂಡಿಗೊಮ್ಮೆ ಮಾತ್ರ ಹೊಸ ಚಿತ್ರ ತೋರಿಸಬಲ್ಲದು, ಅದರ ಮೇಲೆ ಕೀಬೋರ್ಡಿನ ವಿಳಂಬವೂ ಸೇರುತ್ತದೆ. ಆದ್ದರಿಂದ ಈಗ ನಾವು ಪರದೆಗೆ ಬೆಳಕನ್ನು ಗುರುತಿಸುವ ಒಂದು ಫೋಟೋಡಯೋಡನ್ನು ಅಂಟಿಸಿ, ವಿದ್ಯುತ್ ಸಂಕೇತವನ್ನು ಗೆರೆಯಾಗಿ ತೋರಿಸುವ ಸಿಆರ್‌ಓ ಉಪಕರಣದ ಒಂದು ಚಾನೆಲ್ಲಿಗೂ, ಇಯರ್‌ಫೋನಿನ ಬಾಯಿಗೆ ಹಿಡಿದ ಪುಟ್ಟ ಮೈಕನ್ನು ಇನ್ನೊಂದು ಚಾನೆಲ್ಲಿಗೂ ಕೊಟ್ಟು, ಬೆಳಕು ಮತ್ತು ಸದ್ದು ನಿಜವಾಗಿ ಯಾವಾಗ ಹೊರಬರುತ್ತವೆ ಎಂಬುದನ್ನು ಮೊದಲು ನೋಡುತ್ತೇವೆ. ಮನುಷ್ಯರನ್ನು ಕೂರಿಸುವುದು ಆಮೇಲೆ.

1796ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಮ್ಯಾಸ್ಕೆಲಿನ್, ನಕ್ಷತ್ರ ದೂರದರ್ಶಕದ ಗೆರೆಯನ್ನು ದಾಟುವ ಹೊತ್ತನ್ನು ತನಗಿಂತ ಸುಮಾರು 0.8 ಸೆಕೆಂಡು ತಡವಾಗಿ ಬರೆಯುತ್ತಾನೆಂದು ಸಹಾಯಕ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದಿದ್ದ. ಗಡಿಯಾರದ ಟಿಕ್ ಸದ್ದನ್ನು ಕಿವಿಯಿಂದ ಎಣಿಸುತ್ತ ನಕ್ಷತ್ರವನ್ನು ಕಣ್ಣಿನಿಂದ ಹಿಂಬಾಲಿಸಬೇಕಾದ ಆ ಕೆಲಸದಲ್ಲಿ ವೀಕ್ಷಕರೆಲ್ಲರೂ ಒಬ್ಬರಿಗಿಂತ ಒಬ್ಬರು ಭಿನ್ನರು ಎಂಬುದನ್ನು ಜರ್ಮನ್ ಖಗೋಳಜ್ಞ ಬೆಸೆಲ್ ತೋರಿಸಿದ್ದು ಆತನ ಕೆಲಸ ಹೋದ ಎಷ್ಟೋ ವರ್ಷಗಳ ಮೇಲೆ. ಅಲ್ಲಿ ಮನುಷ್ಯಸಹಜವಾದದ್ದನ್ನು ಒಬ್ಬನ ತಪ್ಪೆಂದು ಎಣಿಸಿದ್ದರು. ನಮ್ಮ ಪ್ರಯೋಗಾಲಯಗಳಲ್ಲಿ ಯಂತ್ರದ ವಿಳಂಬವನ್ನು ಮನುಷ್ಯನ ಲೆಕ್ಕಕ್ಕೆ ಬರೆಯುವ ಅಪಾಯವೇ ಹೆಚ್ಚು.

ವಿಳಂಬವನ್ನು ಕಳೆದ ಮೇಲೂ, ನಾವು ಕೊಟ್ಟೆವೆಂದುಕೊಂಡ ಸಂಕೇತಕ್ಕೇ ವ್ಯಕ್ತಿ ಸ್ಪಂದಿಸುತ್ತಿದ್ದಾನೆಯೇ ಎಂಬ ಅನುಮಾನ ಉಳಿಯುತ್ತದೆ. ಹಳೆಯ ಉಪಕರಣಗಳಲ್ಲಿ ಪರೀಕ್ಷಕ ಸ್ವಿಚ್ ಒತ್ತಿದಾಗ 'ಟಕ್' ಎಂಬ ಸದ್ದು ಬರುತ್ತದೆ. ದೀಪ ನೋಡುತ್ತ ಕುಳಿತವನು ತನಗೇ ಗೊತ್ತಿಲ್ಲದೆ ಆ ಸದ್ದಿಗೆ ಗುಂಡಿ ಒತ್ತುತ್ತಾನೆ, ಬೆಳಕಿನ ಕಾಲಂನಲ್ಲಿ ಕಿವಿಯ ಅಂಕಿ ಬಂದು ಕೂರುತ್ತದೆ. ಕಂಪನದ್ದು ಇನ್ನೂ ಫಜೀತಿ. ಫೋನುಗಳಲ್ಲಿ ಇರುವಂಥ ಪುಟ್ಟ ಮೋಟಾರು ವೇಗ ಹಿಡಿಯಲಿಕ್ಕೇ ಹತ್ತಾರು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ಸಾಲದ್ದಕ್ಕೆ ಗುಂಯ್ ಎನ್ನುತ್ತದೆ. ಹಾಗಾಗಿ ಸ್ಪರ್ಶದ ಸರದಿಯಲ್ಲಿ ತಂತಿಯ ಹೆಡ್‌ಫೋನಿನಲ್ಲಿ ಬರೀ ಗೊರ ಎನ್ನುವ ಸದ್ದನ್ನು ಕೇಳಿಸುತ್ತೇವೆ, ಮೋಟಾರನ್ನು ಬಟ್ಟೆಯ ಮರೆಯಲ್ಲಿ ಇಡುತ್ತೇವೆ.

ಕಾಯಿಸುವ ಅವಧಿಯನ್ನೂ ಬದಲಿಸುತ್ತಿರಬೇಕು. "ರೆಡಿ" ಎಂದು ಹೇಳಿ ಪ್ರತಿಸಲವೂ ಎರಡು ಸೆಕೆಂಡಿಗೇ ಸಂಕೇತ ಕೊಟ್ಟರೆ ಚುರುಕಾದ ಹುಡುಗರು ಲಯ ಹಿಡಿದುಬಿಡುತ್ತಾರೆ, 60 ಮಿಲಿಸೆಕೆಂಡಿನಂಥ ಅಂಕಿಗಳು ಬರತೊಡಗುತ್ತವೆ. ಅಂತರರಾಷ್ಟ್ರೀಯ ಓಟದ ಸ್ಪರ್ಧೆಗಳಲ್ಲಿ ಪಿಸ್ತೂಲಿನ ಸದ್ದಾಗಿ 100 ಮಿಲಿಸೆಕೆಂಡಿನೊಳಗೆ ಹೊರಟವರನ್ನು ತಪ್ಪು ಆರಂಭವೆಂದು ಹಿಡಿಯುತ್ತಾರಷ್ಟೆ. ನಾವೂ ಅದೇ ಗೆರೆಯನ್ನು ಇಟ್ಟುಕೊಂಡು ಅಂಥ ಅಂಕಿಗಳನ್ನು ಬೇರೆಯಾಗಿ ಗುರುತಿಸುತ್ತೇವೆ, ನಡುನಡುವೆ "ರೆಡಿ" ಎಂದು ಹೇಳಿ ಸಂಕೇತವನ್ನೇ ಕೊಡದೆ ಬಿಡುತ್ತೇವೆ. ಗಮನ ತಪ್ಪಿದಾಗ ಬರುವ ಒಂದೆರಡು ದೊಡ್ಡ ಅಂಕಿಗಳು ಸರಾಸರಿಯನ್ನು ಎಳೆದುಬಿಡುವುದರಿಂದ ಮಧ್ಯಾಂಕವನ್ನೇ, ಅಂದರೆ ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವುದನ್ನೇ, ಬರೆಸುತ್ತೇವೆ.

ಸಲಕರಣೆಗೆ ಹಣವಿಲ್ಲದ ಕಾಲೇಜುಗಳವರಿಗೆ ಸ್ಕೇಲ್ ಬೀಳಿಸುವ ಪರೀಕ್ಷೆ ಸಾಕು ಎಂಬುದು ನನ್ನ ಅಭಿಪ್ರಾಯ. ಹೇಳದೆ ಕೈಬಿಟ್ಟ ಸ್ಕೇಲನ್ನು ಅದು 15 ಸೆಂಟಿಮೀಟರು ಬೀಳುವಷ್ಟರಲ್ಲಿ ಹಿಡಿದರೆ 175 ಮಿಲಿಸೆಕೆಂಡು, 20ರಲ್ಲಿ ಹಿಡಿದರೆ 202. ಗುರುತ್ವಕ್ಕೆ ಪರದೆಯ ವಿಳಂಬವಿಲ್ಲ. ಆದರೆ ಅದನ್ನು ಕಣ್ಣಿಗಷ್ಟೇ ಬಳಸಬೇಕು. ಕಣ್ಣು ಮುಚ್ಚಿಸಿ "ಬಿಟ್ಟೆ" ಎಂದು ಕೂಗಿ ಸದ್ದಿಗೂ ಅದನ್ನೇ ಮಾಡಿಸುವವರಿದ್ದಾರೆ. ಕೂಗುವವರ ಬಾಯಿ ಮತ್ತು ಬೆರಳು ನಲವತ್ತು ಮಿಲಿಸೆಕೆಂಡಿನೊಳಗೆ ಹೊಂದಿಕೊಂಡು ನಡೆಯುತ್ತವೆ ಎಂದು ನಾನಂತೂ ನಂಬುವುದಿಲ್ಲ.